ಸುರಪುರದ ಸವಾರರು: 1858ರಲ್ಲಿ ಸುದ್ದಿ ಸಾಗಿದ ಬಗೆ



ಕಾಫಿ, ಅಡಿಕೆ, ಕಾಳುಮೆಣಸಿನ ಧಾರಣೆ, ಗೊಬ್ಬರದ ದಾಸ್ತಾನು, ಮೈಲುತುತ್ತದ ಹಂಚಿಕೆ ಇವುಗಳ ನಡುವೆ ಈ ಪತ್ರಿಕೆಯ ಒಂದೆರಡು ಪುಟಗಳನ್ನು ಆಗಾಗ ಬೇರೆ ವಿಷಯಕ್ಕೆ ಬಿಟ್ಟುಕೊಡುವ ರೂಢಿ ನಮ್ಮದು. ಈ ಸಲದ ವಿಷಯ ನಮ್ಮ ಸದಸ್ಯರಿಂದಲೇ ಬಂದದ್ದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆ ನೀರಾವರಿಯನ್ನು ನೋಡಲೆಂದು ಭೀಮರಾಯನಗುಡಿಗೆ ಹೋಗಿ ಬಂದ ಕೆಲವರು ಸುರಪುರವನ್ನೂ ಕಂಡು ಬಂದರು. ಬಂದವರು ಕೇಳಿದ ಪ್ರಶ್ನೆ ಇದು: ಅಷ್ಟು ಗಟ್ಟಿಯಾದ ಗುಡ್ಡದ ಊರು, ಔರಂಗಜೇಬನನ್ನೇ ಕಾಡಿದ ಬೇಡ ನಾಯಕರ ಮನೆತನ. ಹೀಗಿರುವಾಗ 1858ರಲ್ಲಿ ಇಂಗ್ಲಿಷರ ಮೇಲೆ ರಾಜಾ ವೆಂಕಟಪ್ಪ ನಾಯಕ ಎದ್ದ ದಂಗೆ ಎರಡೇ ದಿನದಲ್ಲಿ ಮುಗಿದುಹೋದದ್ದು ಏಕೆ?

ಫಿರಂಗಿ, ಬಂದೂಕು, ಒಳಗಿನವರ ದ್ರೋಹ ಎಂದು ಉತ್ತರ ಹೇಳುವವರಿದ್ದಾರೆ. ಅವೂ ಇದ್ದವು. ಆದರೆ ಆ ಕಾಲದ ಬರಹಗಳನ್ನು ಓದುತ್ತ ಹೋದ ಹಾಗೆ ನಮಗೆ ಮುಖ್ಯವಾಗಿ ಕಂಡದ್ದು ಸುದ್ದಿಯ ಸಂಗತಿ. ಯಾರಿಗೆ ಯಾವ ಸುದ್ದಿ ಎಷ್ಟು ಹೊತ್ತಿನಲ್ಲಿ ತಲುಪಿತು ಎಂಬುದರ ಮೇಲೆ ಬಹಳಷ್ಟು ನಿಂತಿತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸಿದೆ.

ಮೊದಲು ಸುದ್ದಿ ಒಯ್ಯುವವರ ವಿಚಾರ. ನಮ್ಮ ಕಡೆ ಹಳಬರು ಅಂಚೆಯವನು ಎನ್ನುತ್ತಿದ್ದ ಮನುಷ್ಯ ಮೂಲತಃ ಓಡುವವನು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ಏರ್ಪಾಟು ಮಾಡಿದರು. ಅದು 1889ರವರೆಗೆ ಸಂಸ್ಥಾನದ ಸ್ವಂತ ಅಂಚೆಯಾಗಿಯೇ ನಡೆದು ಆಮೇಲೆ ಬ್ರಿಟಿಷರ ಟಪ್ಪಾಲಿನಲ್ಲಿ ಸೇರಿತು. ಓಟಗಾರನು ಗೊತ್ತಾದ ಕಟ್ಟೆಯವರೆಗೆ ಓಡಿ ಚೀಲವನ್ನು ಇನ್ನೊಬ್ಬನ ಕೈಗೆ ಕೊಡುತ್ತಿದ್ದ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು, ರಾತ್ರಿಯಾದರೆ ಜೊತೆಗೆ ಪಂಜು. ಗಂಟೆಗೆ ನಾಲ್ಕೈದು ಮೈಲಿ ಎಂದರೆ ಒಳ್ಳೆಯ ಓಟವೇ ಸರಿ. ನಿಜಾಮರ ಸೀಮೆಯಲ್ಲಿ ಹರಕಾರ, ಮರಾಠಿ ಪ್ರಭಾವವಿದ್ದ ಕಡೆ ಜಾಸೂದ ಎಂಬ ಹೆಸರುಗಳಿದ್ದವು. ಜಾಸೂದನಿಗೆ ಎರಡು ಕೆಲಸ: ಕಾಗದ ಒಯ್ಯುವುದು, ಹೋದಲ್ಲಿ ಕಣ್ಣುಕಿವಿ ತೆರೆದಿಟ್ಟು ಬಂದು ವರದಿ ಹೇಳುವುದು. ಆದ್ದರಿಂದಲೇ ಆ ಮಾತಿಗೆ ಗೂಢಚಾರ ಎಂಬ ಅರ್ಥವೂ ಅಂಟಿಕೊಂಡಿದೆ.

ತುರ್ತಿನ ಕೆಲಸಕ್ಕೆ ಕುದುರೆ ಸವಾರ. ಒಂದೇ ಕುದುರೆಯಾದರೆ ದಿನಕ್ಕೆ ನಲವತ್ತು ಮೈಲಿ ಹೋಗುವುದೇ ಹೆಚ್ಚು. ಮರುದಿನವೂ ಅಷ್ಟೇ ಓಡಿಸಿದರೆ ಕುದುರೆ ಕುಂಟುತ್ತದೆ. ದಾರಿಯಲ್ಲಿ ಬದಲಿ ಕುದುರೆಗಳಿದ್ದರೆ ಮಾತ್ರ ಇದರ ಎರಡರಷ್ಟು ದೂರ ಸಾಧ್ಯ. ಬದಲಿ ಕುದುರೆ ಎಂದರೆ ಲಾಯ, ಹುಲ್ಲು, ಹುರುಳಿ, ಕಾವಲು, ಇವೆಲ್ಲಕ್ಕೂ ಹಣ. ಸರಕಾರದ ಕೈಯಲ್ಲಿ ರಸ್ತೆಯಿದ್ದವನಿಗೆ ಇದು ಸುಲಭ. ಗುಟ್ಟಾಗಿ ಕಾಗದ ಕಳುಹಿಸುವವನಿಗೆ ಬಹಳ ಕಷ್ಟ, ಏಕೆಂದರೆ ಬದಲಿ ಕುದುರೆ ಕಟ್ಟಿದ ಪ್ರತಿ ಊರಿನಲ್ಲೂ ನಾಲ್ಕು ಜನಕ್ಕೆ ವಿಷಯ ಗೊತ್ತಾಗುತ್ತದೆ.

ಇನ್ನು ನೆಲ. ನಮ್ಮ ಘಟ್ಟದ ಕಡೆಯವರಿಗೆ ಆ ಸೀಮೆಯ ಎರೆಭೂಮಿಯ ಅಂದಾಜು ಸುಲಭವಾಗಿ ಸಿಗುವುದಿಲ್ಲ. ಮಳೆ ಬಿದ್ದರೆ ಕುದುರೆಯ ಗೊರಸಿಗೆ ಮಣ್ಣು ಮೆತ್ತಿ ಹೆಜ್ಜೆ ಎತ್ತಲಾಗದು. ಕೃಷ್ಣೆ, ಭೀಮೆ ತುಂಬಿ ಹರಿಯುತ್ತವೆ, ಹರಿಗೋಲಿಗಾಗಿ ದಡದಲ್ಲಿ ಕಾಯಬೇಕು. ಅದೇ ನೆಲ ಮಾಘಮಾಸದ ಹೊತ್ತಿಗೆ ಒಣಗಿ ಬಿರಿದು ಗಟ್ಟಿಯಾಗುತ್ತದೆ. ಹೊಳೆ ಇಳಿದಿರುತ್ತದೆ. ಹಿಂಗಾರಿ ಬಿಳಿಜೋಳ ಆಳೆತ್ತರ ನಿಂತು ತೆನೆ ಬಲಿತಿರುತ್ತದೆ. ಸವಾರನಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ಆದರೆ ದಂಡು ನಡೆಸುವವನಿಗೂ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಸುರಪುರದ ಪ್ರಕರಣ ನಡೆದದ್ದು ಫೆಬ್ರವರಿಯಲ್ಲಿ ಎಂಬುದನ್ನು ನೆನಪಿಡಬೇಕು.

ಇವೆಲ್ಲದರ ಮೇಲೆ ತಂತಿ. 1850ರ ದಶಕದ ನಡುವಿನಲ್ಲಿ ಮುಂಬಯಿ, ಮದರಾಸುಗಳ ನಡುವೆ ತಂತಿ ಎಳೆದರು. ಅದು ಬೆಂಗಳೂರು, ಬಳ್ಳಾರಿಗಳ ಮೇಲೆ ಹಾದುಹೋಗುತ್ತಿತ್ತು. ಸುರಪುರದ ಗುಡ್ಡಕ್ಕೆ ತಂತಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ದೂರದ ಎರಡು ಸರಕಾರಗಳು ಒಂದೇ ದಿನದಲ್ಲಿ ಮಾತಾಡಿಕೊಂಡು ಎರಡು ದಿಕ್ಕಿನಿಂದ ದಂಡು ಹೊರಡಿಸಲು ಸಾಧ್ಯವಾದರೆ ಸಾಕಿತ್ತು. ಕೊನೆಯ ಇಪ್ಪತ್ತು ಮೂವತ್ತು ಮೈಲಿಯ ಕೆಲಸವನ್ನು ಸವಾರ ಮಾಡುತ್ತಿದ್ದ.

ಈಗ ಸುರಪುರಕ್ಕೆ ಬರೋಣ. ಭೀಮರಾಯನಗುಡಿಯಿಂದ ಶಹಾಪುರ ಪಕ್ಕದಲ್ಲೇ ಇದೆ. ಅಲ್ಲಿನ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ ಎಂದು ಹೋದವರೆಲ್ಲ ಹೇಳಿದರು. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಸುರಪುರ, ಅದರ ಹತ್ತಿರ ವಾಗಿಣಗೇರಿ. 1705ರಲ್ಲಿ ಔರಂಗಜೇಬನು ಮುಪ್ಪಿನ ವಯಸ್ಸಿನಲ್ಲಿ ಖುದ್ದಾಗಿ ಬಂದು ಮುತ್ತಿದ್ದು ಈ ವಾಗಿಣಗೇರಿಯನ್ನೇ. ಅವನ ಕೊನೆಯ ದೊಡ್ಡ ಮುತ್ತಿಗೆ ಅದು. ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ.

ವೆಂಕಟಪ್ಪ ನಾಯಕನು ಹುಟ್ಟಿದ್ದು 1834ರಲ್ಲಿ. ತಂದೆ ತೀರಿಕೊಂಡಾಗ ಇನ್ನೂ ಹುಡುಗ. 1841ರಲ್ಲಿ ಇಂಗ್ಲಿಷರ ಕಡೆಯಿಂದ ಅಲ್ಲಿಗೆ ಬಂದವನು ಫಿಲಿಪ್ ಮೆಡೋಸ್ ಟೇಲರ್. ಠಕ್ಕರ ಕಾದಂಬರಿ ಬರೆದು ಹೆಸರು ಮಾಡಿದ ಅದೇ ಟೇಲರ್. 1853ರವರೆಗೆ ಸಂಸ್ಥಾನದ ಆಡಳಿತ ಅವನ ಮೇಲ್ವಿಚಾರಣೆಯಲ್ಲಿತ್ತು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಟೇಲರನ ಆತ್ಮಕಥೆ ಈ ಘಟನೆಗಳಿಗೆ ಮುಖ್ಯ ಆಧಾರ. ಅದನ್ನು ಎಚ್ಚರಿಕೆಯಿಂದ ಓದಬೇಕು ಎಂಬುದು ನಮ್ಮ ಅಭಿಪ್ರಾಯ. ಅವನಿಗೆ ಆ ಹುಡುಗನ ಮೇಲೆ ಪ್ರೀತಿಯಿದ್ದುದು ಸುಳ್ಳಲ್ಲ. ಆದರೆ ತಾನು ಬೆಳೆಸಿದವನು ತನ್ನ ಸರಕಾರದ ಮೇಲೆ ಕತ್ತಿ ಎತ್ತಿದ್ದಕ್ಕೆ ಕಾರಣ ಹುಡುಕುವಾಗ ಕೆಟ್ಟ ಸಹವಾಸ, ದುಂದು, ದುರ್ಬೋಧೆ ಇವೇ ಅವನ ಕಣ್ಣಿಗೆ ಬೀಳುತ್ತವೆ. ಸ್ವಂತ ರಾಜ್ಯವಿರುವ ಹತ್ತೊಂಬತ್ತರ ಯುವಕನಿಗೆ ತನ್ನ ಮನೆಯಲ್ಲೇ ಪರರ ಲೆಕ್ಕಪತ್ರಕ್ಕೆ ಒಳಗಾಗಿರುವುದು ಹೇಗಿದ್ದೀತು ಎಂಬ ವಿಚಾರ ಅಲ್ಲಿ ಅಷ್ಟಾಗಿ ಬರುವುದಿಲ್ಲ.

1857ರ ಮೇ ತಿಂಗಳಲ್ಲಿ ಉತ್ತರದಲ್ಲಿ ದಂಗೆ ಎದ್ದ ಸುದ್ದಿ ದಕ್ಷಿಣಕ್ಕೆ ಬಂದ ಮೇಲೆ ಇಲ್ಲಿನ ಸಂಸ್ಥಾನಗಳ ನಡುವೆಯೂ ಓಡಾಟ ಶುರುವಾಯಿತು. ಪೇಶ್ವೆ ನಾನಾಸಾಹೇಬನ ಹೆಸರಿನಲ್ಲಿ ದೂತರು ಬಂದರು. ಮುಂಡರಗಿಯ ಭೀಮರಾಯ, ನರಗುಂದದ ಬಾಬಾಸಾಹೇಬ ಭಾವೆ, ಸುರಪುರದ ವೆಂಕಟಪ್ಪ ನಾಯಕ ಇವರ ನಡುವೆ ಮಾತುಕತೆ ಇತ್ತು. ಸುರಪುರದಲ್ಲಿ ಅರಬರು, ರೋಹಿಲರು ಬಂದು ಸೇರತೊಡಗಿದರು. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿರಿ. ಸುರಪುರದಿಂದ ನರಗುಂದಕ್ಕಾಗಲಿ ಮುಂಡರಗಿಗಾಗಲಿ ನಕ್ಷೆಯಲ್ಲಿ ನೇರ ಗೆರೆ ಎಳೆದರೂ 170 ಕಿಲೋಮೀಟರಿನಷ್ಟು. ದಾರಿಯ ಸುತ್ತು ಸೇರಿಸಿದರೆ ಒಬ್ಬ ಸವಾರನಿಗೆ ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ ಎಂದರೆ ಎಂಟು ಹತ್ತು ದಿನ ಕಳೆಯಿತು. ಟಪ್ಪಾಲಿಗೆ ಹಾಕುವ ಹಾಗಿಲ್ಲ. ಅನುಮಾನ ಬಂದ ಕಾಗದಗಳನ್ನು ಆ ವರ್ಷ ಟಪ್ಪಾಲು ಕಚೇರಿಯಲ್ಲೇ ಒಡೆದು ಓದುತ್ತಿದ್ದರು. ಸವಾರನ ಕೈಯಲ್ಲಿ ಬರವಣಿಗೆ ಕೊಟ್ಟರೆ, ಅವನು ಸಿಕ್ಕಿಬಿದ್ದ ದಿನ ಅದೇ ಕಾಗದ ಬರೆದವನ ಕೊರಳಿಗೆ ಹಗ್ಗ. ಬಾಯಿಮಾತಿನಲ್ಲಿ ಹೇಳಿಕಳುಹಿಸಿ ಗುರುತಿಗೆ ಉಂಗುರ ಕೊಡುವ ಹಳೆಯ ಪದ್ಧತಿ ಇತ್ತು. ಆದರೆ ಬಾಯಿಮಾತಿನಲ್ಲಿ ತಾರೀಖು, ದಂಡಿನ ಸಂಖ್ಯೆ, ಶರತ್ತುಗಳು ನೆಟ್ಟಗೆ ಉಳಿಯುವುದು ಅಪರೂಪ. ನಮ್ಮ ಸಂಘದ ಸಭೆಯ ನಿರ್ಣಯ ಊರ ಕೊನೆಯ ಮನೆ ತಲುಪುವಷ್ಟರಲ್ಲಿ ಏನಾಗಿರುತ್ತದೆ ಎಂಬುದನ್ನು ಸದಸ್ಯರು ಬಲ್ಲರು.

ಸರಕಾರದ ಕಡೆಗೆ ಸುದ್ದಿ ಬರುತ್ತಿದ್ದ ದಾರಿಗಳಾದರೋ ಹಲವು. ಹೈದರಾಬಾದಿನಲ್ಲಿ 1857ರ ಜುಲೈ 17ರಂದು ತುರ್ರೇಬಾಜ್ ಖಾನ್, ಮೌಲವಿ ಅಲ್ಲಾವುದ್ದೀನ್ ಇವರ ನಾಯಕತ್ವದಲ್ಲಿ ಜನ ರೆಸಿಡೆನ್ಸಿಯ ಮೇಲೆ ನುಗ್ಗಿದಾಗ, ನಿಜಾಮರ ದಿವಾನ ಸಾಲಾರ್ ಜಂಗ್ ರೆಸಿಡೆಂಟ್ ಡೇವಿಡ್‌ಸನ್ನನಿಗೆ ಮೊದಲೇ ಹೇಳಿಕಳುಹಿಸಿದ್ದ. ಬಾಗಿಲಲ್ಲಿ ಫಿರಂಗಿಗಳು ಸಿದ್ಧವಾಗಿದ್ದವು. ಸುರಪುರದ ವಿಷಯದಲ್ಲೂ ಹಾಗೆಯೇ ಆಯಿತು. 1858ರ ಜನವರಿಯಲ್ಲಿ ಡೇವಿಡ್‌ಸನ್ ತನ್ನ ಸಹಾಯಕ ಕ್ಯಾಪ್ಟನ್ ರೋಸ್ ಕ್ಯಾಂಬೆಲ್ಲನನ್ನು ರಾಜನಿಗೆ ಬುದ್ಧಿ ಹೇಳಲೆಂದು ಕಳುಹಿಸಿದ. ಬುದ್ಧಿಮಾತು ಫಲಿಸಲಿಲ್ಲ. ‘ನಿನ್ನ ಜೀವಕ್ಕೆ ಅಪಾಯವಿದೆ’ ಎಂದು ಕ್ಯಾಂಬೆಲ್ಲನಿಗೆ ಸುಳಿವು ಕೊಟ್ಟವರು ರಾಜನ ನೆಂಟರೇ, ಅರಮನೆಯ ಆಳುಗಳೇ ಎಂದು ಟೇಲರ್ ಬರೆದಿದ್ದಾನೆ. ಅವರನ್ನು ದ್ರೋಹಿಗಳೆಂದು ಕರೆದುಬಿಡುವುದು ಸುಲಭ. ಮೂರು ಕಡೆಯಿಂದ ದಂಡು ಬರುತ್ತಿರುವುದನ್ನು ಕಂಡವರಲ್ಲಿ, ರಾಜನನ್ನು ತಡೆದು ಮನೆತನ ಉಳಿಸಿಕೊಳ್ಳಬೇಕೆಂದು ಬಯಸಿದವರೂ ಇದ್ದಿರಬಹುದು.

ಮೂರು ಕಡೆ ಎಂದೆವು. ಪಶ್ಚಿಮದಲ್ಲಿ ಮುಂಬಯಿ ಸರಕಾರದ ಕರ್ನಲ್ ಮಾಲ್ಕಮ್. ಇನ್ನೊಂದು ಮಗ್ಗುಲಲ್ಲಿ ಮದರಾಸು ಸರಕಾರದ ಹ್ಯೂಸ್. ದಕ್ಷಿಣದಲ್ಲಿ, ಕೃಷ್ಣೆಯ ಆಚೆ, ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಕ್ಯಾಪ್ಟನ್ ವಿಂಡಮ್. ಈ ವಿಂಡಮ್ ಫೆಬ್ರವರಿ 7ರಂದು ಸುರಪುರಕ್ಕೆ ಬಂದ. ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಬೀಡು ಬಿಡಲು ಅವನಿಗೆ ಹೇಳಲಾಯಿತು. ಅವನು ಒಪ್ಪದೆ ಬಯಲಿನಲ್ಲಿ ಡೇರೆ ಹಾಕಿದ. ಇದೊಂದು ಸಣ್ಣ ಸಂಗತಿಯಂತೆ ಕಾಣುತ್ತದೆ, ಆದರೆ ಆ ರಾತ್ರಿಯ ಫಲವನ್ನು ನಿರ್ಧರಿಸಿದ್ದರಲ್ಲಿ ಇದರ ಪಾಲು ದೊಡ್ಡದು. ಇಕ್ಕಟ್ಟಿನಲ್ಲಿದ್ದರೆ ಹೊರಗೆ ಹೋಗುವ ದಾರಿಯನ್ನು ಹತ್ತು ಜನ ಮುಚ್ಚಬಹುದಿತ್ತು. ಬಯಲಿನಿಂದ ಒಬ್ಬ ಸವಾರ ಕತ್ತಲಲ್ಲಿ ಜಾರಿಕೊಂಡು ಹೋಗುವುದನ್ನು ಸಾವಿರ ಜನರೂ ತಡೆಯಲಾರರು.

ರಾತ್ರಿ ಬೇಡರು, ಅರಬರು, ರೋಹಿಲರು ಸೇರಿ ಬೀಡಿನ ಮೇಲೆ ಬಿದ್ದರು. ಕಾಳಗ ಬೆಳಗಿನವರೆಗೆ ಎಳೆಯಿತು. ಅಷ್ಟರಲ್ಲಿ ವಿಂಡಮನ ತುರ್ತುಚೀಟಿ ಕೃಷ್ಣೆಯನ್ನು ದಾಟಿ, ದೇವದುರ್ಗದ ಕಡೆಯಿದ್ದ ಹ್ಯೂಸನಿಗೆ ಮುಟ್ಟಿತು. 8ರಂದು ನೆರವಿನ ದಂಡು ಬಂದು ಸೇರಿತು. ಸುರಪುರದವರು ಸುಮ್ಮನೆ ಸೋಲಲಿಲ್ಲ. ಆ ದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಲೆಫ್ಟಿನೆಂಟ್ ಸ್ಟೂವರ್ಟ್ ಗಾಯಗೊಂಡು ಆಮೇಲೆ ಸತ್ತ. ಆದರೆ ಹಗಲು ಕಳೆಯುವಷ್ಟರಲ್ಲಿ ದಂಡು ದಂಡಿಗೆ ಕೂಡಿಕೊಳ್ಳುತ್ತಿರುವುದು ಗುಡ್ಡದ ಮೇಲಿನವರಿಗೆ ಕಾಣುತ್ತಿತ್ತು. ಆ ರಾತ್ರಿ ರಾಜ ಕೆಲವೇ ಸವಾರರೊಡನೆ ಸುರಪುರ ಬಿಟ್ಟ.

ಟೇಲರ್ ಅಧಿಕಾರಿಗಳ ಹೆಸರುಗಳನ್ನೆಲ್ಲ ಬರೆದಿದ್ದಾನೆ. ಚೀಟಿ ಒಯ್ದ ಸವಾರನ ಹೆಸರು ಬರೆದಿಲ್ಲ. ಅವನೂ ಇದೇ ನಾಡಿನವನಾಗಿದ್ದಿರಬೇಕು. ಹೊಳೆಯ ಹಾಯಗಡ ಎಲ್ಲಿದೆ, ಯಾವ ಊರಿನ ನಾಯಿ ಬೊಗಳುತ್ತದೆ ಎಂಬುದು ತಿಳಿಯದವನಿಗೆ ಆ ಹೊತ್ತಿನಲ್ಲಿ ಆ ದಾರಿ ಸಾಗುತ್ತಿರಲಿಲ್ಲ.

ಇಲ್ಲಿ ನಮ್ಮ ಕಡೆಯ 1837ರ ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. 1834ರಲ್ಲಿ ಕೊಡಗು ಇಂಗ್ಲಿಷರ ಕೈಗೆ ಹೋದ ಮೇಲೆ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಧಾನ್ಯದಲ್ಲಿ ಕಂದಾಯ ಕೊಡುತ್ತಿದ್ದ ರೈತ ನಗದಿನಲ್ಲಿ ಕೊಡಬೇಕಾಯಿತು. ನಗದು ಎಲ್ಲಿಂದ ಬರಬೇಕು? ಸಾಹುಕಾರನಿಂದ. ಉಳಿದದ್ದನ್ನು ಅಡಿಕೆ ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನ ಎದ್ದರು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದೆ ನಿಂತರು. ಕಲೆಕ್ಟರ್ ಲೆವಿನ್ ಪುತ್ತೂರಿನವರೆಗೆ ದಂಡು ತಂದು ಹಿಂದೆ ಸರಿದ. 1837ರ ಏಪ್ರಿಲ್ 5ರಂದು ದಂಗೆಯವರು ಮಂಗಳೂರನ್ನು ಹೊಕ್ಕು ಹದಿಮೂರು ದಿನ ಇಟ್ಟುಕೊಂಡರು.

ಸುರಪುರದಲ್ಲಿ ಎರಡು ದಿನ, ಮಂಗಳೂರಿನಲ್ಲಿ ಹದಿಮೂರು ದಿನ. ಸುಳ್ಯದ ರೈತರಿಗೆ ಸುರಪುರದಂಥ ಕೋಟೆಯಾಗಲಿ ಅರಬರ ಬಂದೂಕುಗಳಾಗಲಿ ಇರಲಿಲ್ಲ. 1837ರಲ್ಲಿ ತಂತಿ ಇರಲಿಲ್ಲ, ನೆರವು ಕಣ್ಣಾನೂರಿನಿಂದ ಸಮುದ್ರದ ಮೇಲೆ ಬರಬೇಕಿತ್ತು. ಘಟ್ಟದ ಕಾಡಿನಲ್ಲಿ ಸರಕಾರಿ ಸವಾರನಿಗಿಂತ ಕಾಲುದಾರಿ ಬಲ್ಲ ಕೂಲಿಯವನು ಮುಂದೆ. ದಂಗೆಯವರ ಸಂಖ್ಯೆಯ ಬಗ್ಗೆ ಗಾಳಿಮಾತು ಅವರಿಗಿಂತ ಮೊದಲೇ ಮಂಗಳೂರು ತಲುಪಿತ್ತು. ದೊರೆಗಳು ಗಾಬರಿಯಾಗಿ ಹಡಗು ಹತ್ತಿದರು. ಅಂದರೆ ಅಲ್ಲಿ ಸುದ್ದಿ ದಂಗೆಯವರ ಪರವಾಗಿ ಓಡಿತು. ಇಪ್ಪತ್ತೊಂದು ವರ್ಷದ ಮೇಲೆ ಬಯಲುನಾಡಿನಲ್ಲಿ ಅದು ಸರಕಾರದ ಪರವಾಗಿ ಓಡಿತು.

ಸುರಪುರಕ್ಕೆ ಮೊದಲೂ ಆಮೇಲೂ ನಡೆದದ್ದನ್ನು ತಾರೀಖಿನ ಪ್ರಕಾರ ಇಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಆಯುಧ ಒಪ್ಪಿಸಬೇಕೆಂಬ ಕಾನೂನನ್ನು ಒಪ್ಪದೆ ಹಲಗಲಿಯ ಬೇಡರು ಎದ್ದದ್ದು 1857ರ ನವೆಂಬರಿನಲ್ಲಿ. ಮಾಲ್ಕಮನ ಕುದುರೆ ದಂಡು ಕಾಲ್ದಳಕ್ಕಿಂತ ಮೊದಲೇ ಬಂದು ಊರನ್ನು ಸುತ್ತಿತು, ಊರಿಗೆ ಬೆಂಕಿ ಬಿತ್ತು, 19 ಜನರನ್ನು ಗಲ್ಲಿಗೆ ಹಾಕಿದರು. ಸುರಪುರ ಎದ್ದದ್ದು ಫೆಬ್ರವರಿಯಲ್ಲಿ. ಮುಂಡರಗಿಯ ಭೀಮರಾಯ, ಹಮ್ಮಿಗಿಯ ಕೆಂಚನಗೌಡ ಕೊಪ್ಪಳದ ಕೋಟೆ ಹಿಡಿದದ್ದು ಮೇ ಕೊನೆಯಲ್ಲಿ, ನರಗುಂದ ಎದ್ದದ್ದೂ ಆಗಲೇ. ಮೂರು ಮೂರು ತಿಂಗಳ ಅಂತರ. ಒಂದು ಕಡೆಯ ಬೆಂಕಿ ಆರಿಸಿ ಬಂದ ದಂಡೇ ಇನ್ನೊಂದು ಕಡೆಗೆ ಹೋಯಿತು: ಹಲಗಲಿಯ ಮಾಲ್ಕಮ್ ನರಗುಂದಕ್ಕೆ, ಸುರಪುರದ ಹ್ಯೂಸ್ ಕೊಪ್ಪಳಕ್ಕೆ. ನಾಲ್ಕೂ ಕಡೆ ಒಂದೇ ವಾರದಲ್ಲಿ ಎದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಇತಿಹಾಸದ ಕೆಲಸವಲ್ಲ. ಆದರೆ ಒಂದೇ ವಾರದಲ್ಲಿ ಏಳಲು ಬೇಕಾದ ಸುದ್ದಿಯ ವ್ಯವಸ್ಥೆ ಅವರಿಗಿರಲಿಲ್ಲ ಎಂದು ಧಾರಾಳವಾಗಿ ಹೇಳಬಹುದು.

ಎಚ್ಚರಿಕೆ ತಲುಪಿಯೂ ಕೆಲಸಕ್ಕೆ ಬಾರದ ಉದಾಹರಣೆಯೂ ಇದೇ ಹೊತ್ತಿನಲ್ಲಿದೆ. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್ ಮೇ ತಿಂಗಳ ಕೊನೆಯಲ್ಲಿ ರಾಮದುರ್ಗಕ್ಕೆ ಬಂದ. ಅಲ್ಲಿನ ಸಂಸ್ಥಾನಿಕ ನರಗುಂದದ ಬಾಬಾಸಾಹೇಬನ ಸಂಬಂಧಿ. ತನ್ನನ್ನೂ ದಂಗೆಗೆ ಕರೆದು ನರಗುಂದದಿಂದ ಬಂದ ಕಾಗದವನ್ನು ಅವನು ಮ್ಯಾನ್ಸನ್ನನಿಗೆ ತೋರಿಸಿ, ಈ ದಾರಿಯಲ್ಲಿ ಇಷ್ಟು ಕಡಿಮೆ ಜನರೊಂದಿಗೆ ಹೋಗಬೇಡ ಎಂದ. ಮ್ಯಾನ್ಸನ್ ಹೊರಟೇ ಹೋದ. 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ನರಗುಂದದವರು ಬಂದು ಅವನನ್ನು ಕೊಂದರು. ಕೊಳೆರೋಗ ಪಕ್ಕದ ಊರಿಗೆ ಬಂದಿದೆ ಎಂದು ಸುತ್ತೋಲೆ ಕಳುಹಿಸಿದರೂ ‘ನಮ್ಮ ತೋಟಕ್ಕೆ ಬರಲಿಕ್ಕಿಲ್ಲ’ ಎಂದು ಬೋರ್ಡೋ ಸಿಂಪಡಿಸದೆ ಕೂತವರನ್ನು ನೋಡಿದ ನಮಗೆ ಇದೇನೂ ಆಶ್ಚರ್ಯವೆನಿಸಲಿಲ್ಲ. ಬಾಬಾಸಾಹೇಬನನ್ನು ಹಿಡಿದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು.

ರಾಜಾ ವೆಂಕಟಪ್ಪ ನಾಯಕನ ಕಡೆಯ ಸವಾರಿ ಹೈದರಾಬಾದಿಗೆ. ನೇರ ಅಳತೆಯಲ್ಲೇ 200 ಕಿಲೋಮೀಟರಿಗೆ ಮೇಲೆ. ಆ ಹಾದಿಯಲ್ಲಿ ಅವನೇ ತನ್ನ ಸುದ್ದಿಯನ್ನು ತಾನೇ ಒಯ್ಯುವ ಸವಾರನಾಗಿದ್ದ. ಹೈದರಾಬಾದಿನಲ್ಲಿ ಯಾರಾದರೂ ಆಸರೆ ಕೊಟ್ಟಾರು ಎಂಬ ಆಸೆಯಿದ್ದಿರಬೇಕು. ತಲುಪುವ ಹೊತ್ತಿಗೆ ಜೊತೆಯಲ್ಲಿ ಒಬ್ಬಿಬ್ಬರೇ ಉಳಿದಿದ್ದರು. ಪೇಟೆಯಲ್ಲಿ ಅಲೆಯುತ್ತಿದ್ದವನನ್ನು ಹಿಡಿದು ಸಾಲಾರ್ ಜಂಗನ ಮುಂದೆ ನಿಲ್ಲಿಸಿದರು, ಅವನು ರೆಸಿಡೆಂಟನಿಗೆ ಒಪ್ಪಿಸಿದ. ವಿಚಾರಣೆಯಲ್ಲಿ ಮರಣದಂಡನೆಯಾಯಿತು. ರೆಸಿಡೆಂಟ್ ಅದನ್ನು ಗಡೀಪಾರಿಗೆ ಇಳಿಸಿದ, ಗವರ್ನರ್ ಜನರಲ್ ನಾಲ್ಕು ವರ್ಷದ ಸೆರೆಗೆ ಇಳಿಸಿದ. ಸೆರೆಮನೆಯಲ್ಲಿ ಟೇಲರ್ ಹೋಗಿ ನೋಡಿದ. ಮದರಾಸಿನ ಹತ್ತಿರದ ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ ಮೊದಲ ಬೀಡಿನಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಅವನು ಸತ್ತ. ಅದು 1858ರ ಮೇ ತಿಂಗಳು, ವಯಸ್ಸು 24. ತಾನೇ ಹೊಡೆದುಕೊಂಡನೆಂದು ಸರಕಾರದ ಕಾಗದ ಹೇಳುತ್ತದೆ. ಕೊಂದರು ಎಂಬ ನಂಬಿಕೆ ಸುರಪುರದ ಕಡೆ ಉಂಟು.

ಆ ಸುದ್ದಿಯನ್ನು ಸುರಪುರದ ಗುಡ್ಡದ ಮೇಲೆ ಕೇಳಿದವರಲ್ಲಿ ಟೇಲರನೂ ಒಬ್ಬ. ಆಗ ಅವನನ್ನು ಮತ್ತೆ ಅಲ್ಲಿನ ಆಡಳಿತಕ್ಕೆ ನೇಮಿಸಿದ್ದರು. ಎರಡು ವರ್ಷದ ಮೇಲೆ, 1860ರಲ್ಲಿ, ಇಂಗ್ಲಿಷರು ಸುರಪುರ ಸಂಸ್ಥಾನವನ್ನು ನಿಜಾಮರಿಗೆ ಬಹುಮಾನವಾಗಿ ಕೊಟ್ಟರು. ಟೇಲರ್ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಈಗಲೂ ಆ ಗುಡ್ಡದ ಮೇಲಿದೆ.